ಮಿಂಟ್‌ನಲ್ಲಿ ಪ್ರೋಟಾನ್: ಒಂದು ಆಟ ಶುರುವೇ ಆಗಲ್ಲ, ಇನ್ನೊಂದು 12 ಎಫ್‌ಪಿಎಸ್, ಮತ್ತೊಂದರಲ್ಲಿ ವಿಡಿಯೋ ಬದಲು ಬಣ್ಣದ ಪಟ್ಟಿ

ಬೆಳದಿಂಗಳು_88:

ಎಲ್ಲರಿಗೂ ನಮಸ್ಕಾರ. ವಿಂಡೋಸ್ 11 ಪಕ್ಕದಲ್ಲೇ ಲಿನಕ್ಸ್ ಮಿಂಟ್ 21.3 ಇದೆ. ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಯುಹೆಚ್‌ಡಿ ಜೊತೆಗೆ ಎನ್‌ವಿಡಿಯಾ ಜಿಟಿಎಕ್ಸ್ 1650, ರ‍್ಯಾಮ್ 16 ಜಿಬಿ. ಎನ್‌ವಿಡಿಯಾ ಡ್ರೈವರ್ 535 ಸರಣಿಯದ್ದು, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದಲೇ ಹಾಕಿದ್ದು. ಆಟಗಳ ಅಂಗಡಿ ಸ್ಟೀಮ್ ಫ್ಲ್ಯಾಟ್‌ಪ್ಯಾಕ್ (ಉಳಿದ ಸಿಸ್ಟಂನಿಂದ ಬೇರ್ಪಡಿಸಿ ಓಡಿಸುವ ಪ್ಯಾಕೇಜ್) ರೂಪದಲ್ಲಿದೆ. ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಆನ್ ಮಾಡಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ 9.0 ಆರಿಸಿದ್ದೇನೆ.

ಆಟಗಳು ಎರಡು ಕಡೆ ಇವೆ. ಕೆಲವು ಮಿಂಟ್‌ನ ಹೋಮ್‌ನಲ್ಲಿ. ಉಳಿದವು ವಿಂಡೋಸ್ ಬಳಸುವ 300 ಜಿಬಿ ಎನ್‌ಟಿಎಫ್‌ಎಸ್ ಪಾರ್ಟಿಷನ್‌ನಲ್ಲಿ. ಅದು ಬೂಟ್ ಆಗುವಾಗಲೇ ಮೌಂಟ್ ಆಗಲಿ ಎಂದು ಡಿಸ್ಕ್ಸ್ ಆ್ಯಪ್‌ನಲ್ಲಿ ಹೊಂದಿಸಿ, ಫ್ಲ್ಯಾಟ್‌ಪ್ಯಾಕ್ ಅನುಮತಿಗಳನ್ನು ಬದಲಿಸುವ ಫ್ಲ್ಯಾಟ್‌ಸೀಲ್‌ನಲ್ಲಿ ಸ್ಟೀಮ್‌ಗೆ ಅನುಮತಿಯನ್ನೂ ಕೊಟ್ಟಿದ್ದೇನೆ. ಸ್ಟೀಮ್ ಆ ಲೈಬ್ರರಿಯನ್ನು ಗುರುತಿಸುತ್ತದೆ, ಫೈಲ್ ಬರೆಯುವುದಕ್ಕೂ ತೊಂದರೆ ಇಲ್ಲ.

ಸಮಸ್ಯೆಗಳು ಹೀಗಿವೆ. ಎನ್‌ಟಿಎಫ್‌ಎಸ್‌ನಲ್ಲಿರುವ ಯಾವ ಆಟಕ್ಕೆ ಪ್ಲೇ ಒತ್ತಿದರೂ ಬಟನ್ ಎರಡು ಮೂರು ಸೆಕೆಂಡ್ ಸ್ಟಾಪ್ ಎಂದು ತೋರಿಸಿ ಮತ್ತೆ ಪ್ಲೇ ಆಗುತ್ತದೆ, ಎರರ್ ಸಂದೇಶವೇ ಇಲ್ಲ. ಹೋಮ್‌ನಲ್ಲಿರುವ ಡೈರೆಕ್ಟ್‌3ಡಿ 11 (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) ಬಳಸುವ ಆಟ ತೆರೆಯುತ್ತದೆ, ಆದರೆ ಕನಿಷ್ಠ ಗ್ರಾಫಿಕ್ಸ್‌ನಲ್ಲೂ 12 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ದಾಟುವುದಿಲ್ಲ. ವಿಂಡೋಸ್‌ನಲ್ಲಿ ಇದೇ ಆಟ ಸಲೀಸಾಗಿ 60 ಕೊಡುತ್ತದೆ. ಇನ್ನೊಂದರಲ್ಲಿ ಆಟ ಚೆನ್ನಾಗಿದೆ, ಕಥೆಯ ವಿಡಿಯೋ ಬರಬೇಕಾದ ಜಾಗದಲ್ಲಿ ಮಾತ್ರ ಹಳೇ ಟಿವಿಯಂತೆ ಬಣ್ಣದ ಪಟ್ಟಿಗಳು ನಿಲ್ಲುತ್ತವೆ. ಯೂನಿಟಿ ಎಂಜಿನ್‌ನ ಒಂದು ಆಟಕ್ಕೆ ಬೆಪ್‌ಇನ್‌ಎಕ್ಸ್ ಮೂಲಕ ಮಾಡ್ (ಆಟವನ್ನು ಬದಲಿಸುವ ಸೇರ್ಪಡೆ) ಹಾಕಿದರೆ ಮಾಡ್ ಲೋಡ್ ಆಗುವುದಿಲ್ಲ. ಕೊನೆಯದು ಒಂದು ಆನ್‌ಲೈನ್ ಶೂಟರ್: ಮೆನು ಬರುತ್ತದೆ, ಮ್ಯಾಚ್ ಸೇರಿದ ಕೂಡಲೇ ಹೊರಹಾಕುತ್ತದೆ.

ಜಾಗ ಉಳಿಸಲು ಶೇಡರ್ ಪ್ರೀ-ಕ್ಯಾಶಿಂಗ್ (ಗ್ರಾಫಿಕ್ಸ್ ಕೋಡನ್ನು ಮೊದಲೇ ಇಳಿಸಿಡುವುದು) ಆಫ್ ಮಾಡಿದ್ದೇನೆ, ಅದೂ ಗೊತ್ತಿರಲಿ. ಇವೆಲ್ಲ ಒಂದೇ ರೋಗದ ಲಕ್ಷಣಗಳೋ, ಬೇರೆ ಬೇರೆಯೋ?

—

ಕಮಾಂಡ್‌ಗೂಡು:

ಐದೂ ಬೇರೆ ಬೇರೆ. ಪ್ರೋಟಾನ್ ಎಂದರೆ ಒಂದೇ ಪ್ರೋಗ್ರಾಂ ಅಲ್ಲ, ಒಂದರ ಮೇಲೊಂದು ಕೂತ ಪದರಗಳು ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಲಕ್ಷಣ ಎಲ್ಲಿಂದ ಹುಟ್ಟುತ್ತದೆ ಎನ್ನುವುದು ತಾನಾಗಿ ಹೊಳೆಯುತ್ತದೆ. ತಳದಲ್ಲಿ ವೈನ್. 1993ರಿಂದ ಬೆಳೆಯುತ್ತಾ ಬಂದಿರುವ ಇದು ವಿಂಡೋಸ್ ಪ್ರೋಗ್ರಾಂ ಕೇಳುವ ಫೈಲ್, ಮೆಮರಿ, ವಿಂಡೋ ಮುಂತಾದ ಕರೆಗಳಿಗೆ ಲಿನಕ್ಸ್ ಕಡೆಯಿಂದ ಉತ್ತರ ಕೊಡುತ್ತದೆ. ಇದು ಎಮ್ಯುಲೇಟರ್ ಅಲ್ಲ. ಆಟದ ಕೋಡ್ ನೇರವಾಗಿ ನಿಮ್ಮ ಪ್ರೊಸೆಸರ್ ಮೇಲೇ ಓಡುತ್ತದೆ. ಗ್ರಾಫಿಕ್ಸ್‌ಗೆ ಡಿಎಕ್ಸ್‌ವಿಕೆ ಇದೆ, ಡೈರೆಕ್ಟ್‌3ಡಿ 8ರಿಂದ 11ರವರೆಗಿನದನ್ನು ಲಿನಕ್ಸ್‌ನಲ್ಲೂ ಇರುವ ಗ್ರಾಫಿಕ್ಸ್ ವ್ಯವಸ್ಥೆ ವಲ್ಕನ್‌ಗೆ ತಿರುಗಿಸುವುದು ಅದರ ಕೆಲಸ. ಡೈರೆಕ್ಟ್‌3ಡಿ 12ಕ್ಕೆ ವಿಕೆಡಿ3ಡಿ-ಪ್ರೋಟಾನ್. ಇವನ್ನೆಲ್ಲ ಒಟ್ಟು ಕಟ್ಟಿ ಸ್ಟೀಮ್‌ನ ಕಂಪನಿ ವಾಲ್ವ್ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂದು ಹೊರತಂದಿತು.

ಮೊದಲು 12 ಎಫ್‌ಪಿಎಸ್ ವಿಷಯ. ಆ ಆಟದ ಪ್ರಾಪರ್ಟೀಸ್‌ಗೆ ಹೋಗಿ ಲಾಂಚ್ ಆಪ್ಷನ್ಸ್‌ನಲ್ಲಿ ಇದನ್ನು ಹಾಕಿ:

ಡಿಎಕ್ಸ್‌ವಿಕೆ_ಹೆಚ್‌ಯುಡಿ=ಡೆವ್‌ಇನ್‌ಫೋ,ಎಫ್‌ಪಿಎಸ್ %ಕಮಾಂಡ್%

ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ಸಮ ಚಿಹ್ನೆಯ ಎಡಕ್ಕಿರುವುದೆಲ್ಲ ದೊಡ್ಡಕ್ಷರ, ಬಲಕ್ಕಿರುವುದು ಚಿಕ್ಕಕ್ಷರ. %ಕಮಾಂಡ್%ಗೆ ಮೊದಲು ಮಾತ್ರ ಒಂದು ಸ್ಪೇಸ್ ಇರಬೇಕು, ಬೇರೆಲ್ಲಾದರೂ ಸ್ಪೇಸ್ ಬಂದರೆ ಕೆಲಸ ಮಾಡದು.

ಆಟ ತೆರೆದಾಗ ಮೇಲಿನ ಎಡಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಹೆಸರು, ಡ್ರೈವರ್ ಆವೃತ್ತಿ, ಎಫ್‌ಪಿಎಸ್ ಕಾಣಿಸುತ್ತದೆ. ಆ ಹೆಸರು ಏನೆಂದು ಇಲ್ಲಿ ಬರೆಯಿರಿ. ಎರಡು ಕಾರ್ಡ್‌ಗಳಿದ್ದರೆ ಡಿಎಕ್ಸ್‌ವಿಕೆ ಯಾವತ್ತೂ ಪ್ರತ್ಯೇಕ ಕಾರ್ಡನ್ನೇ ಮೊದಲು ಆರಿಸುತ್ತದೆ, ನಾವು ಹೇಳಬೇಕಾಗಿಲ್ಲ. ಆದ್ದರಿಂದ ಅಲ್ಲಿ ಇಂಟೆಲ್ ಎಂದು ಬಂದರೆ ಆಯ್ಕೆ ತಪ್ಪಾಗಿದೆ ಎಂದಲ್ಲ, ಎನ್‌ವಿಡಿಯಾ ಕಾರ್ಡ್ ಅದರ ಕಣ್ಣಿಗೆ ಬೀಳುತ್ತಲೇ ಇಲ್ಲ ಎಂದರ್ಥ. ಎಷ್ಟೋ ಜನ ಇಲ್ಲಿ ಪ್ರೈಮ್ ಆಫ್‌ಲೋಡ್‌ನ (ಆಟವನ್ನು ಎನ್‌ವಿಡಿಯಾ ಕಾರ್ಡ್‌ಗೆ ವಹಿಸುವ ವ್ಯವಸ್ಥೆ) ಉದ್ದುದ್ದ ಸಾಲುಗಳನ್ನು ಅಂಟಿಸುತ್ತಾ ಹೋಗುತ್ತಾರೆ. ಅವು ಮುಖ್ಯವಾಗಿ ಓಪನ್‌ಜಿಎಲ್ ಆಟಗಳಿಗೆ ಬೇಕಾದವು. ಕಾಣದ ಕಾರ್ಡನ್ನು ಕಾಣಿಸುವ ಶಕ್ತಿ ಅವಕ್ಕಿಲ್ಲ.

ಡೈರೆಕ್ಟ್‌3ಡಿ 12 ಆಟಗಳಲ್ಲಿ ಈ ಹೆಚ್‌ಯುಡಿ (ಮೂಲೆಯ ಮಾಹಿತಿ) ಬರುವುದಿಲ್ಲ, ಅಲ್ಲಿಗೆ ಮ್ಯಾಂಗೋಹಡ್ ಬೇಕು.

—

ಮೂರನೇ_ಪರದೆ:

ಎನ್‌ಟಿಎಫ್‌ಎಸ್ ಬಗ್ಗೆ ನಾನು ಹೇಳುತ್ತೇನೆ. ಈ ಲಕ್ಷಣ ಬಹಳ ಸಾಮಾನ್ಯ, ಕಾರಣವೂ ಖಚಿತ.

ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ನಕಲಿ ವಿಂಡೋಸ್ ಡ್ರೈವ್ ಕಟ್ಟುತ್ತದೆ, ಅದನ್ನೇ ಪ್ರಿಫಿಕ್ಸ್ ಎನ್ನುವುದು. ಆಟ ಯಾವ ಲೈಬ್ರರಿಯಲ್ಲಿದೆಯೋ ಅದೇ ಲೈಬ್ರರಿಯ ಸ್ಟೀಮ್‌ಆ್ಯಪ್ಸ್ ಫೋಲ್ಡರ್‌ನ ಒಳಗೆ ಕಂಪ್ಯಾಟ್‌ಡೇಟಾ, ಅದರೊಳಗೆ ಆಟದ ಆ್ಯಪ್ ಐಡಿ ಸಂಖ್ಯೆ, ಅದರೊಳಗೆ ಪಿಎಫ್‌ಎಕ್ಸ್. ಅಂದರೆ ಆಟ ಎನ್‌ಟಿಎಫ್‌ಎಸ್‌ನಲ್ಲಿದ್ದರೆ ಪ್ರಿಫಿಕ್ಸ್ ಕೂಡ ಅಲ್ಲೇ ಹುಟ್ಟಬೇಕು. ಇಲ್ಲಿ ಎರಡು ಕಡೆ ಎಡವುತ್ತದೆ.

ಒಂದು, ಒಡೆತನ. ಡಿಸ್ಕ್ಸ್ ಆ್ಯಪ್‌ನಿಂದ ಬೂಟ್ ಮೌಂಟ್ ಮಾಡಿದಾಗ ಆ ಪಾರ್ಟಿಷನ್‌ನ ಎಲ್ಲ ಫೈಲುಗಳ ಒಡೆಯ ರೂಟ್ ಆಗಿರುತ್ತಾನೆ. ಅನುಮತಿ ಎಲ್ಲರಿಗೂ ತೆರೆದಿರುವುದರಿಂದ ನೀವು ಬರೆಯಬಹುದು, ಅಳಿಸಬಹುದು, ಎಲ್ಲ ಸರಿ ಇದೆ ಎಂದೇ ಅನಿಸುತ್ತದೆ. ಆದರೆ ವೈನ್ ನೋಡುವುದು ಬರೆಯಲು ಬರುತ್ತದೆಯೇ ಎಂದಲ್ಲ, ಈ ಫೋಲ್ಡರ್ ನಿನ್ನದೇ ಎಂದು. ನಿಮ್ಮದಲ್ಲವಾದರೆ ಅಲ್ಲಿ ಪ್ರಿಫಿಕ್ಸ್ ಕಟ್ಟಲು ನಿರಾಕರಿಸಿ ಸುಮ್ಮನೆ ಮುಗಿಸಿಬಿಡುತ್ತದೆ. ಸ್ಟೀಮ್ ಈ ಮಾತನ್ನು ಪರದೆಗೆ ತರುವುದಿಲ್ಲ, ಹಾಗಾಗಿ ನಿಮಗೆ ಕಾಣುವುದು ಬಟನ್ ಬದಲಾಗುವುದಷ್ಟೇ. ಸ್ಟೀಮ್ ಅನ್ನು ಟರ್ಮಿನಲ್‌ನಿಂದ ತೆರೆದು ಪ್ಲೇ ಒತ್ತಿ ನೋಡಿ, ಆ ಸಾಲು ಅಲ್ಲಿ ಸಿಗುತ್ತದೆ.

ಎರಡು, ಹೆಸರು. ಪ್ರಿಫಿಕ್ಸ್‌ನ ಡಾಸ್‌ಡಿವೈಸಸ್ ಫೋಲ್ಡರ್‌ನಲ್ಲಿ ಸಿ ಮತ್ತು ಝಡ್ ಡ್ರೈವ್‌ಗಳಿಗೆ ಕೊಂಡಿಗಳಿರುತ್ತವೆ, ಅವುಗಳ ಹೆಸರಿನಲ್ಲೇ ಕೋಲನ್ ಇದೆ. ವಿಂಡೋಸ್ ಪ್ರಕಾರ ಫೈಲ್ ಹೆಸರಿನಲ್ಲಿ ಕೋಲನ್ ಇರುವಂತಿಲ್ಲ. ಲಿನಕ್ಸ್ ಅದನ್ನು ಬರೆದರೂ ಮುಂದೆ ವಿಂಡೋಸ್ ಡಿಸ್ಕ್ ಪರೀಕ್ಷಿಸಿದಾಗ ಅದು ದೋಷವಾಗಿ ಕಾಣುತ್ತದೆ.

ಸದ್ಯಕ್ಕೆ ದಾರಿ ಹೀಗೆ. ಸ್ಟೀಮ್ ಪೂರ್ತಿ ಮುಚ್ಚಿ. ಎನ್‌ಟಿಎಫ್‌ಎಸ್ ಕಡೆಯ ಕಂಪ್ಯಾಟ್‌ಡೇಟಾ ಫೋಲ್ಡರ್‌ಗೆ ಬೇರೆ ಹೆಸರಿಡಿ, ಅಳಿಸಬೇಡಿ. ಹೋಮ್‌ನಲ್ಲಿರುವ ಸ್ಟೀಮ್‌ನ ಕಂಪ್ಯಾಟ್‌ಡೇಟಾ ಫೋಲ್ಡರ್‌ಗೆ ಎನ್‌ಟಿಎಫ್‌ಎಸ್ ಕಡೆಯಿಂದ ಅದೇ ಹೆಸರಿನ ಸಿಮ್‌ಲಿಂಕ್ (ಬೇರೆಡೆಯ ಫೋಲ್ಡರ್ ತೋರಿಸುವ ಕೊಂಡಿ) ಮಾಡಿ. ಫ್ಲ್ಯಾಟ್‌ಪ್ಯಾಕ್ ಆದ್ದರಿಂದ ನಿಮ್ಮ ಸ್ಟೀಮ್ ಹೋಮ್‌ನ ಅಡಗಿಸಿದ ವಾರ್ ಫೋಲ್ಡರ್, ಅದರೊಳಗೆ ಆ್ಯಪ್, ಅದರೊಳಗೆ ವಾಲ್ವ್‌ಸಾಫ್ಟ್‌ವೇರ್ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತದೆ. ಲಿಂಕ್ ಅನ್ನು ಪೂರ್ತಿ ಹಾದಿ ಕೊಟ್ಟೇ ಮಾಡಿ. ಜೊತೆಗೆ ಡಿಸ್ಕ್ಸ್ ಆ್ಯಪ್‌ನ ಮೌಂಟ್ ಆಪ್ಷನ್ಸ್ ಸಾಲಿನ ಕೊನೆಗೆ ಯುಐಡಿ=1000,ಜಿಐಡಿ=1000 ಸೇರಿಸಿ ರೀಬೂಟ್ ಮಾಡಿ. ಮಿಂಟ್ ಇನ್‌ಸ್ಟಾಲ್ ಮಾಡಿದಾಗ ಸೃಷ್ಟಿಯಾದ ಮೊದಲ ಬಳಕೆದಾರನ ಸಂಖ್ಯೆ 1000. ಖಾತ್ರಿ ಬೇಕಾದರೆ ಟರ್ಮಿನಲ್‌ನಲ್ಲಿ ಐಡಿ ಎಂದು ಕೊಟ್ಟು ನೋಡಿಕೊಳ್ಳಿ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಅನ್ನು ಪವರ್ ಆಪ್ಷನ್ಸ್‌ನಲ್ಲಿ ಆಫ್ ಮಾಡಿರಲೇಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಎನ್ನುವುದು ಅರ್ಧ ಹೈಬರ್ನೇಟ್. ಪಾರ್ಟಿಷನ್ ತೆರೆದ ಸ್ಥಿತಿಯಲ್ಲೇ ಉಳಿದಿರುತ್ತದೆ, ಲಿನಕ್ಸ್ ಅದನ್ನು ಓದಲು ಮಾತ್ರ ಎಂದು ಮೌಂಟ್ ಮಾಡುತ್ತದೆ. ಆಗ ಸ್ಟೀಮ್ ಡಿಸ್ಕ್ ರೈಟ್ ಎರರ್ ಎನ್ನಲು ಶುರುಮಾಡುತ್ತದೆ, ಜನ ಡಿಸ್ಕ್ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ.

—

ಬೆಳದಿಂಗಳು_88:

ಇಬ್ಬರಿಗೂ ಧನ್ಯವಾದ. ಹೆಚ್‌ಯುಡಿಯಲ್ಲಿ ಬಂದ ಹೆಸರು ಇಂಟೆಲ್ ಯುಹೆಚ್‌ಡಿ ಗ್ರಾಫಿಕ್ಸ್. ಆದರೆ ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಕೊಟ್ಟರೆ ಕಾರ್ಡ್ ಮತ್ತು ಡ್ರೈವರ್ ಆವೃತ್ತಿ ಸರಿಯಾಗಿ ಬರುತ್ತವೆ. ವಲ್ಕನ್‌ಇನ್‌ಫೋ --ಸಮ್ಮರಿ ಕೊಟ್ಟರೂ ಎರಡೂ ಕಾರ್ಡ್ ಕಾಣುತ್ತವೆ. ಪ್ರೈಮ್ ಆನ್-ಡಿಮ್ಯಾಂಡ್‌ನಲ್ಲಿದೆ.

ಎನ್‌ಟಿಎಫ್‌ಎಸ್ ಕಡೆ ಎಲ್‌ಎಸ್ -ಎಲ್‌ಡಿ ಕೊಟ್ಟು ನೋಡಿದೆ, ಕಂಪ್ಯಾಟ್‌ಡೇಟಾ ಒಡೆಯ ರೂಟ್ ಎಂದೇ ಇತ್ತು. ನೀವು ಹೇಳಿದಂತೆ ಮಾಡಿದ ಮೇಲೆ ಆಟಗಳು ತೆರೆಯುತ್ತಿವೆ. ಲೋಡಿಂಗ್ ಮಾತ್ರ ವಿಂಡೋಸ್‌ಗಿಂತ ನಿಧಾನ.

—

ಕಮಾಂಡ್‌ಗೂಡು:

ಹೊರಗೆ ಕಾಣುತ್ತದೆ, ಆಟಕ್ಕೆ ಕಾಣುವುದಿಲ್ಲ. ಹಾಗಾದರೆ ತೊಂದರೆ ಫ್ಲ್ಯಾಟ್‌ಪ್ಯಾಕ್‌ನ ಗೋಡೆಯಲ್ಲಿದೆ.

ಎನ್‌ವಿಡಿಯಾ ಡ್ರೈವರ್‌ಗೆ ಎರಡು ಭಾಗ. ಕರ್ನಲ್‌ನಲ್ಲಿ ಕೂರುವ ಮಾಡ್ಯೂಲ್ ಒಂದು, ಆಟ ನೇರವಾಗಿ ಬಳಸುವ ಲೈಬ್ರರಿಗಳು ಇನ್ನೊಂದು. ಇವೆರಡರ ಆವೃತ್ತಿ ಕೊನೆಯ ಅಂಕಿಯವರೆಗೂ ಒಂದೇ ಆಗಿರಬೇಕು. ಫ್ಲ್ಯಾಟ್‌ಪ್ಯಾಕ್ ಒಳಗಿನ ಸ್ಟೀಮ್ ಮಿಂಟ್‌ನ ಲೈಬ್ರರಿಗಳನ್ನು ಬಳಸುವುದಿಲ್ಲ, ತನ್ನದೇ ಪ್ರತಿ ಇಟ್ಟುಕೊಂಡಿರುತ್ತದೆ. ಅಪ್‌ಡೇಟ್ ಮ್ಯಾನೇಜರ್ ಮಿಂಟ್ ಕಡೆಯ ಡ್ರೈವರ್ ಬದಲಿಸಿದಾಗ ಒಳಗಿನ ಪ್ರತಿ ಹಳೆಯದಾಗಿ ಉಳಿದರೆ ಎರಡೂ ಮಾತಾಡಿಕೊಳ್ಳುವುದಿಲ್ಲ. ಇಂಟೆಲ್‌ಗೆ ಬೇಕಾದ ಮೆಸಾ ಮಾತ್ರ ಯಾವಾಗಲೂ ಒಳಗಿರುತ್ತದೆ, ಆದ್ದರಿಂದ ಆಟ ನಿಲ್ಲದೆ ಇಂಟೆಲ್ ಮೇಲೆ ತೆವಳುತ್ತದೆ. ನಿಮ್ಮ 12 ಎಫ್‌ಪಿಎಸ್ ಇದೇ.

ಫ್ಲ್ಯಾಟ್‌ಪ್ಯಾಕ್ ಲಿಸ್ಟ್ ಕೊಟ್ಟು ಪಟ್ಟಿಯಲ್ಲಿ ಎನ್‌ವಿಡಿಯಾ ಹೆಸರು ಹುಡುಕಿ. ಜಿಎಲ್ ಎಂದು ಒಂದು, ಜಿಎಲ್32 ಎಂದು ಇನ್ನೊಂದು ಇರಬೇಕು. ಎರಡರ ಹೆಸರಿನ ಕೊನೆಯಲ್ಲಿರುವ ಅಂಕಿಗಳು ಎನ್‌ವಿಡಿಯಾ-ಎಸ್‌ಎಂಐ ತೋರಿಸುವ ಆವೃತ್ತಿಗೆ ಸರಿಹೊಂದಬೇಕು, ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಇರುತ್ತದೆ ಅಷ್ಟೇ. ಹೊಂದದಿದ್ದರೆ ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್ ಓಡಿಸಿ, ಅದು ಮಿಂಟ್‌ನ ಡ್ರೈವರ್ ನೋಡಿ ಸರಿಯಾದದ್ದನ್ನು ಇಳಿಸಿಕೊಳ್ಳುತ್ತದೆ. ಡ್ರೈವರ್ ಅಪ್‌ಡೇಟ್ ಆದ ದಿನ ಮೊದಲು ರೀಬೂಟ್, ಆಮೇಲೆ ಇದು. ರೀಬೂಟ್ ಆಗುವವರೆಗೆ ಕರ್ನಲ್‌ನಲ್ಲಿ ಹಳೇ ಮಾಡ್ಯೂಲೇ ಇರುತ್ತದೆ.

ಜಿಎಲ್32 ಮರೆಯಬೇಡಿ. ಹಳೆಯ ಆಟಗಳು ಬಹಳಷ್ಟು 32 ಬಿಟ್‌ನವು. 64 ಬಿಟ್ ಲೈಬ್ರರಿ ಮಾತ್ರ ಇದ್ದರೆ ಹೊಸ ಆಟ ಚೆನ್ನಾಗಿ ಓಡಿ, ಹದಿನೈದು ವರ್ಷ ಹಳೆಯದು ಮುಗ್ಗರಿಸುವ ವಿಚಿತ್ರ ಸ್ಥಿತಿ ಬರುತ್ತದೆ. ಫ್ಲ್ಯಾಟ್‌ಪ್ಯಾಕ್ ಬದಲು ಡೆಬ್ ಪ್ಯಾಕೇಜ್‌ನ ಸ್ಟೀಮ್ ಬಳಸುವವರಿಗೂ ಇದೇ ಮಾತು, ಅಲ್ಲಿ ಐ386 (32 ಬಿಟ್) ಆರ್ಕಿಟೆಕ್ಚರ್ ಸೇರಿಸಿ ಡ್ರೈವರ್‌ನ ಐ386 ಪ್ಯಾಕೇಜ್ ಹಾಕಿರಬೇಕು.

ಇದೇ ಪುಟ ಓದುವ ಹಳೆಯ ಕಾರ್ಡ್‌ನವರಿಗೆ ಒಂದು ಮಾತು. ಡಿಎಕ್ಸ್‌ವಿಕೆ 2.0 ಬಂದಾಗಿನಿಂದ, ಅಂದರೆ 2022ರ ನವೆಂಬರ್‌ನಿಂದ, ವಲ್ಕನ್ 1.3 ಕಡ್ಡಾಯ. ಪ್ರೋಟಾನ್ 8ರಿಂದ ಮುಂದಕ್ಕೆ ಅದೇ ಇರುವುದು. ಎನ್‌ವಿಡಿಯಾ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳು 470 ಡ್ರೈವರ್‌ಗೇ ನಿಂತುಹೋದವು, ಅದರಲ್ಲಿ ವಲ್ಕನ್ 1.2 ಮಾತ್ರ. ಅಂಥವರು ಆಟದ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ 7.0 ಆರಿಸಬೇಕು. ವಲ್ಕನ್ ಸರಿಯಾಗಿಲ್ಲದ ಇಂಟೆಲ್ ನಾಲ್ಕನೇ ಪೀಳಿಗೆಯವರಿಗೆ ಪ್ರೋಟಾನ್_ಯೂಸ್_ವೈನ್‌ಡಿ3ಡಿ=1 ಒಂದೇ ದಾರಿ. ಅದು ಓಪನ್‌ಜಿಎಲ್ ಮೂಲಕ ಓಡಿಸುತ್ತದೆ, ವೇಗ ಕಡಿಮೆ, ಹಗುರ ಆಟಗಳಿಗೆ ಸಾಕು.

—

ಪಿಕ್ಸೆಲ್_ಅಟ್ಟ:

ಬಣ್ಣದ ಪಟ್ಟಿ ಮತ್ತು ಮಾಡ್, ಎರಡಕ್ಕೂ ಉತ್ತರ ನಿಮ್ಮ ಪ್ರಶ್ನೆಯ ಒಳಗೇ ಇದೆ.

ಆಟದ ವಿಡಿಯೋಗಳು ಎಷ್ಟೋ ಸಲ ಪೇಟೆಂಟ್ ಇರುವ ಕೋಡೆಕ್‌ನಲ್ಲಿರುತ್ತವೆ, ವಿಂಡೋಸ್‌ನ ಮೀಡಿಯಾ ಫೌಂಡೇಷನ್ ಮೂಲಕ ಓಡುತ್ತವೆ. ಆ ಡಿಕೋಡರ್‌ಗಳನ್ನು ಪ್ರೋಟಾನ್ ಜೊತೆ ಹಂಚಲು ಬರುವುದಿಲ್ಲ. ಅದಕ್ಕೆ ವಾಲ್ವ್ ಕಂಡುಕೊಂಡ ದಾರಿ, ಆ ವಿಡಿಯೋಗಳನ್ನು ತಾನೇ ಮುಕ್ತ ರೂಪಕ್ಕೆ ಪರಿವರ್ತಿಸಿ ಶೇಡರ್ ಪ್ರೀ-ಕ್ಯಾಶ್ ಜೊತೆಗೇ ಇಳಿಸುವುದು. ಪರಿವರ್ತಿಸಿದ ಪ್ರತಿ ಸಿಗದಿದ್ದರೆ ಪ್ರೋಟಾನ್ ಬಣ್ಣದ ಪಟ್ಟಿ ತೋರಿಸುತ್ತದೆ. ನೀವು ಪ್ರೀ-ಕ್ಯಾಶಿಂಗ್ ಆಫ್ ಮಾಡಿದ್ದೀರಿ, ಶೇಡರ್ ಜೊತೆಗೆ ವಿಡಿಯೋವೂ ಹೋಯಿತು! ಹೆಸರು ನೋಡಿ ಯಾರಿಗೂ ಇದು ಹೊಳೆಯುವುದಿಲ್ಲ. ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಪುಟದಲ್ಲಿ ಅದನ್ನು ಮತ್ತೆ ಆನ್ ಮಾಡಿ, ಸ್ಟೀಮ್ ಮುಚ್ಚಿ ತೆರೆಯಿರಿ, ಆ ಆಟದ ಹೆಸರಲ್ಲಿ ಚಿಕ್ಕದೊಂದು ಡೌನ್‌ಲೋಡ್ ಬಂದು ಮುಗಿಯುವವರೆಗೆ ಕಾಯಿರಿ.

ಅಷ್ಟಾದರೂ ಪಟ್ಟಿಯೇ ಬಂದರೆ ಜಿಇ-ಪ್ರೋಟಾನ್ ಹಾಕಿ. ಅದು ಸಮುದಾಯದವರು ಕಟ್ಟುವ ಆವೃತ್ತಿ, ವಿಡಿಯೋ ಓಡಿಸುವ ತೇಪೆಗಳು ಅದರಲ್ಲಿ ಹೆಚ್ಚು. ಪ್ರೋಟಾನ್‌ಅಪ್-ಕ್ಯೂಟಿ ಎನ್ನುವ ಸಲಕರಣೆಯಲ್ಲಿ ಇನ್‌ಸ್ಟಾಲ್ ಆಗುವ ಜಾಗ ಫ್ಲ್ಯಾಟ್‌ಪ್ಯಾಕ್ ಸ್ಟೀಮ್ ಎಂದಿದೆಯೇ ನೋಡಿ ಹಾಕಿ, ಸ್ಟೀಮ್ ಮರುಪ್ರಾರಂಭಿಸಿ, ಆ ಒಂದು ಆಟಕ್ಕೆ ಮಾತ್ರ ಅದನ್ನು ಆರಿಸಿ. ಎಲ್ಲ ಆಟಕ್ಕೂ ಜಿಇ ಬೇಡ. ಅಧಿಕೃತ ಪ್ರೋಟಾನ್‌ನಲ್ಲಿ ಓಡುವ ಆಟ ಅಲ್ಲೇ ಇರಲಿ, ಏನಾದರೂ ಕೆಟ್ಟಾಗ ಹುಡುಕುವುದು ಸುಲಭ.

ಇನ್ನು ಬೆಪ್‌ಇನ್‌ಎಕ್ಸ್. ಅದು ಒಳನುಸುಳುವುದೇ ವಿನ್‌ಹೆಚ್‌ಟಿಟಿಪಿ ಹೆಸರಿನ ಡಿಎಲ್‌ಎಲ್ (ಆಟ ಎತ್ತಿಕೊಳ್ಳುವ ಕೋಡ್ ಫೈಲ್) ವೇಷದಲ್ಲಿ. ವಿಂಡೋಸ್‌ನಲ್ಲಿ ಆಟದ ಫೋಲ್ಡರ್‌ನಲ್ಲಿರುವ ಡಿಎಲ್‌ಎಲ್‌ಗೆ ಮೊದಲ ಮಣೆ, ಆದ್ದರಿಂದ ತಾನಾಗಿ ಲೋಡ್ ಆಗುತ್ತದೆ. ವೈನ್‌ನಲ್ಲಿ ಆ ಹೆಸರಿನ ಅದರದೇ ಡಿಎಲ್‌ಎಲ್ ಇದೆ, ಅದು ತನ್ನದನ್ನೇ ಎತ್ತಿಕೊಳ್ಳುತ್ತದೆ. ಫೋಲ್ಡರ್‌ನಲ್ಲಿರುವುದು ಬೇಕು ಎಂದು ನಾವು ಹೇಳಬೇಕು:

ವೈನ್‌ಡಿಎಲ್‌ಎಲ್‌ಓವರ್‌ರೈಡ್ಸ್="ವಿನ್‌ಹೆಚ್‌ಟಿಟಿಪಿ=ಎನ್,ಬಿ" %ಕಮಾಂಡ್%

ಇಲ್ಲಿ ಎನ್ ಎಂದರೆ ನೇಟಿವ್, ಆಟದ ಫೋಲ್ಡರ್‌ನದ್ದು. ಬಿ ಎಂದರೆ ಬಿಲ್ಟ್-ಇನ್, ವೈನ್‌ನದ್ದು. ಮೊದಲು ಇದು, ಸಿಗದಿದ್ದರೆ ಅದು ಎಂದು ಓದಿಕೊಳ್ಳಿ. ಬೇರೆ ಮಾಡ್‌ಗಳು ಡಿಇನ್‌ಪುಟ್8 ಅಥವಾ ವರ್ಷನ್ ಎಂಬ ಡಿಎಲ್‌ಎಲ್ ಬಳಸುತ್ತವೆ, ಆಗ ಹೆಸರಷ್ಟೇ ಬದಲು. ಮಾಡ್‌ನ ಝಿಪ್ ಬಿಡಿಸಿದಾಗ ಆಟದ ಎಕ್ಸಿಕ್ಯೂಟಬಲ್ ಪಕ್ಕದಲ್ಲಿ ಬಂದು ಕೂರುವ ಡಿಎಲ್‌ಎಲ್ ಯಾವುದೋ ಅದೇ ಹೆಸರು.

ಇನ್ನೊಂದು ಬಲೆ ಇದೆ, ದೊಡ್ಡಕ್ಷರ ಚಿಕ್ಕಕ್ಷರದ್ದು. ಆಟದ ಫೋಲ್ಡರ್‌ನಲ್ಲಿ ದೊಡ್ಡ ಡಿ ಇರುವ ಡೇಟಾ ಫೋಲ್ಡರ್ ಇದೆ, ಝಿಪ್‌ನಲ್ಲಿ ಚಿಕ್ಕ ಡಿ ಇರುವ ಡೇಟಾ ಇದೆ ಎಂದುಕೊಳ್ಳಿ. ವಿಂಡೋಸ್‌ನಲ್ಲಿ ಬಿಡಿಸಿದರೆ ಎರಡೂ ಒಂದಾಗಿ ಬೆರೆಯುತ್ತವೆ. ಲಿನಕ್ಸ್‌ಗೆ ಅವು ಎರಡು ಬೇರೆ ಹೆಸರು, ಪಕ್ಕಪಕ್ಕ ಎರಡು ಫೋಲ್ಡರ್ ನಿಲ್ಲುತ್ತವೆ. ಆಟಕ್ಕೆ ಅವುಗಳಲ್ಲಿ ಒಂದೇ ಕಾಣುವುದು. ಮಾಡ್ ಅರ್ಧ ಲೋಡ್ ಆಗುತ್ತದೆ ಎನ್ನುವ ದೂರುಗಳಲ್ಲಿ ಇದನ್ನೇ ಮೊದಲು ನೋಡಬೇಕು. ಕೈಯಾರೆ ಒಂದರೊಳಗೆ ಸುರಿದು ಇನ್ನೊಂದನ್ನು ತೆಗೆದರೆ ಸರಿಹೋಗುತ್ತದೆ.

—

ಮೂರನೇ_ಪರದೆ:

ಲೋಡಿಂಗ್ ನಿಧಾನ ಎಂದಿರಿ. ಮಿಂಟ್ 21.3 ಎನ್‌ಟಿಎಫ್‌ಎಸ್ ಅನ್ನು ಕರ್ನಲ್‌ನ ಹೊರಗೆ ಓಡುವ ಎನ್‌ಟಿಎಫ್‌ಎಸ್-3ಜಿ ಮೂಲಕ ಮೌಂಟ್ ಮಾಡುತ್ತದೆ, ಪ್ರತಿ ಓದಿಗೂ ಪ್ರೊಸೆಸರ್ ಮೇಲೆ ಭಾರ. ಹಾಗಾಗಿ ಸಿಮ್‌ಲಿಂಕ್ ತಾತ್ಕಾಲಿಕ ಎಂದೇ ಇಟ್ಟುಕೊಳ್ಳಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ 300 ಜಿಬಿಯನ್ನು ಅರ್ಧ ಕುಗ್ಗಿಸಿ, ಬಿಟ್ಟ ಜಾಗದಲ್ಲಿ ಲಿನಕ್ಸ್‌ನ ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ, ಸ್ಟೀಮ್‌ಗೆ ಹೊಸ ಲೈಬ್ರರಿಯಾಗಿ ಕೊಡಿ. ಫ್ಲ್ಯಾಟ್‌ಸೀಲ್ ಅನುಮತಿ ಅದಕ್ಕೂ ಬೇಕು. ಆಮೇಲೆ ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಆಟ ಆರಿಸಿ ಮೂವ್ ಕೊಟ್ಟರೆ ಮತ್ತೆ ಡೌನ್‌ಲೋಡ್ ಇಲ್ಲದೆ ಸಾಗುತ್ತದೆ.

ಎರಡು ಸಿಸ್ಟಂಗಳು ಒಂದೇ ಲೈಬ್ರರಿ ಹಂಚಿಕೊಳ್ಳುವುದನ್ನು ನಾನು ಒಪ್ಪುವುದೇ ಇಲ್ಲ. ಲಿನಕ್ಸ್ ಆವೃತ್ತಿಯೂ ಇರುವ ಆಟವಾದರೆ ಲಿನಕ್ಸ್‌ನ ಸ್ಟೀಮ್ ವಿಂಡೋಸ್ ಫೈಲುಗಳ ಮೇಲೆ ಲಿನಕ್ಸ್ ಫೈಲುಗಳನ್ನು ಇಳಿಸುತ್ತದೆ, ವಿಂಡೋಸ್‌ಗೆ ಹೋದಾಗ ಅಲ್ಲಿನ ಸ್ಟೀಮ್ ಮತ್ತೆ ತಿರುಗಿಸುತ್ತದೆ. ಪ್ರತಿ ಬೂಟ್‌ಗೂ ಹತ್ತಾರು ಜಿಬಿ ವ್ಯರ್ಥ.

ಆನ್‌ಲೈನ್ ಶೂಟರ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ, ಯಾರೂ ರಾತ್ರಿಗಳನ್ನು ಕಳೆದುಕೊಳ್ಳಬಾರದು. ಆಟದಲ್ಲಿ ಮೋಸ ತಡೆಯುವ ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ನಲ್ಲಿ ಓಡಬಲ್ಲವು, ಆದರೆ ಆಟ ತಯಾರಿಸಿದವರು ತಮ್ಮ ಕಡೆಯಿಂದ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು: ಏಪೆಕ್ಸ್ ಲೆಜೆಂಡ್ಸ್ ವರ್ಷಗಳ ಕಾಲ ಓಡಿ 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್ ಅನ್ನು ಮುಚ್ಚಿತು. ವ್ಯಾಲರಂಟ್‌ನ ವ್ಯಾನ್‌ಗಾರ್ಡ್‌ನಂಥವು ಇನ್ನೂ ಆಳದವು, ವಿಂಡೋಸ್ ಕರ್ನಲ್‌ನೊಳಗೆ ಡ್ರೈವರ್ ಆಗಿ ಕೂರಬೇಕು. ವೈನ್‌ನಲ್ಲಿ ವಿಂಡೋಸ್ ಕರ್ನಲ್ ಎನ್ನುವುದೇ ಇಲ್ಲ, ಕೂರಲು ಜಾಗವೇ ಇಲ್ಲ.

ನೀವು ಮಾಡಬಹುದಾದದ್ದು ಎರಡೇ. ಸ್ಟೀಮ್ ಲೈಬ್ರರಿಯಲ್ಲಿ ಟೂಲ್ಸ್ ತೋರಿಸುವಂತೆ ಮಾಡಿ, ಪ್ರೋಟಾನ್ ಬ್ಯಾಟಲ್‌ಐ ರನ್‌ಟೈಮ್ ಅಥವಾ ಪ್ರೋಟಾನ್ ಈಸಿಆ್ಯಂಟಿಚೀಟ್ ರನ್‌ಟೈಮ್ ಇನ್‌ಸ್ಟಾಲ್ ಆಗಿದೆಯೇ ನೋಡಿ. ಆಗಿದ್ದೂ ಹೊರಹಾಕಿದರೆ ಬಳಕೆದಾರರು ವರದಿ ಹಾಕುವ ಪ್ರೋಟಾನ್‌ಡಿಬಿ ತಾಣದಲ್ಲಿ ಆ ಆಟದ ಇತ್ತೀಚಿನ ವರದಿಗಳನ್ನು ಓದಿ. ಪದಕದ ಬಣ್ಣವನ್ನಷ್ಟೇ ನೋಡಬೇಡಿ, ದಿನಾಂಕ ನೋಡಿ. ಹಳೆಯ ಪ್ಲಾಟಿನಂ ಪದಕಕ್ಕೆ ಇವತ್ತು ಬೆಲೆ ಇಲ್ಲದಿರಬಹುದು. ಆ್ಯಂಟಿ-ಚೀಟ್ ತಪ್ಪಿಸುವ ತಂತ್ರಗಳನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಮುಟ್ಟಬೇಡಿ. ಖಾತೆಗೇ ಬೀಗ ಬೀಳುತ್ತದೆ. ಆ ಆಟವನ್ನು ವಿಂಡೋಸ್ ಕಡೆಯೇ ಆಡಿ.

—

ಬೆಳದಿಂಗಳು_88:

ಒಳಗಿನ ಎನ್‌ವಿಡಿಯಾ ಪ್ರತಿ ನಿಜಕ್ಕೂ ಒಂದು ಹೆಜ್ಜೆ ಹಿಂದಿತ್ತು. ಅಪ್‌ಡೇಟ್ ಮಾಡಿದ ಮೇಲೆ ಹೆಚ್‌ಯುಡಿಯಲ್ಲಿ ಜಿಟಿಎಕ್ಸ್ 1650 ಎಂದು ಬಂತು, 58ರಿಂದ 60 ಎಫ್‌ಪಿಎಸ್! ವಿಡಿಯೋ ಮತ್ತು ಮಾಡ್ ಎರಡೂ ಸರಿಯಾದವು. ಶೂಟರ್ ವಿಂಡೋಸ್‌ಗೇ ಬಿಟ್ಟೆ.

ಇನ್ನೆರಡು ಉಳಿದಿವೆ. ಒಂದು ದೊಡ್ಡ ಓಪನ್ ವರ್ಲ್ಡ್ ಆಟ ಅರ್ಧ ಗಂಟೆ ಚೆನ್ನಾಗಿ ಓಡಿ ಹೊಸ ಪ್ರದೇಶ ಲೋಡ್ ಆಗುವಾಗ ಮುಚ್ಚಿಹೋಗುತ್ತದೆ. ಆ ಹೊತ್ತಿಗೆ ರ‍್ಯಾಮ್ 10 ಜಿಬಿ ಮಾತ್ರ ಬಳಕೆಯಲ್ಲಿತ್ತು. ಎರಡನೆಯದು, ವಿಂಡೋಸ್‌ನಲ್ಲಿ ಆಡಿದ ಸೇವ್ ಫೈಲುಗಳನ್ನು ಇಲ್ಲಿಗೆ ತರುವುದು ಹೇಗೆ? ಆ ಆಟಕ್ಕೆ ಸ್ಟೀಮ್ ಕ್ಲೌಡ್ ಇಲ್ಲ.

—

ಕಮಾಂಡ್‌ಗೂಡು:

ರ‍್ಯಾಮ್ ಉಳಿದಿದ್ದೂ ಸಾಯುತ್ತದೆ ಎಂದರೆ ಮೊದಲ ಅನುಮಾನ ವಿಎಂ.ಮ್ಯಾಕ್ಸ್_ಮ್ಯಾಪ್_ಕೌಂಟ್ ಮೇಲೆ. ಒಂದು ಪ್ರೋಗ್ರಾಂ ಮೆಮರಿಯನ್ನು ಎಷ್ಟು ತುಂಡುಗಳಾಗಿ ಹಿಡಿದುಕೊಳ್ಳಬಹುದು ಎನ್ನುವ ಮಿತಿ ಅದು. ಮೆಮರಿಯ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ, ತುಂಡುಗಳ ಎಣಿಕೆ ಮುಖ್ಯ. ಕರ್ನಲ್‌ನ ಮೂಲ ಮಿತಿ 65530, ನಿಮ್ಮ ಮಿಂಟ್ 21.3ರಲ್ಲೂ ಅದೇ. ದೊಡ್ಡ ಆಟಗಳು ಲಕ್ಷಗಟ್ಟಲೆ ಚಿಕ್ಕ ತುಂಡು ಕೇಳಬಹುದು, ಮಿತಿ ಮುಟ್ಟಿದ ಕ್ಷಣ ಕರ್ನಲ್ ಇಲ್ಲ ಎನ್ನುತ್ತದೆ, ಆಟ ಮುಚ್ಚಿಕೊಳ್ಳುತ್ತದೆ. ಫೆಡೋರಾ 39 ಮತ್ತು ಉಬುಂಟು 24.04 ಇದನ್ನು ತಾವಾಗಿಯೇ 1048576ಕ್ಕೆ ಏರಿಸಿವೆ. ಅದಕ್ಕೇ ಹೊಸ ಡಿಸ್ಟ್ರೋದವರಿಗೆ ಈ ತೊಂದರೆ ಕಾಣುವುದಿಲ್ಲ.

ಇಟಿಸಿ ಒಳಗಿನ ಸಿಸ್‌ಸಿಟಿಎಲ್.ಡಿ ಫೋಲ್ಡರ್‌ನಲ್ಲಿ ರೂಟ್ ಆಗಿ .ಕಾನ್ಫ್ ಎಂದು ಕೊನೆಯಾಗುವ ಹೊಸ ಫೈಲ್ ಮಾಡಿ, ಅದರಲ್ಲಿ ಒಂದೇ ಸಾಲು: ವಿಎಂ.ಮ್ಯಾಕ್ಸ್_ಮ್ಯಾಪ್_ಕೌಂಟ್=1048576. ಈ ಸಾಲು ಪೂರ್ತಿ ಚಿಕ್ಕಕ್ಷರ. ಉಳಿಸಿ ಸುಡೋ ಸಿಸ್‌ಸಿಟಿಎಲ್ --ಸಿಸ್ಟಮ್ ಕೊಡಿ. ಆಟ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ, ರೀಬೂಟ್ ಬೇಡ.

ಆಮೇಲೂ ಮುಚ್ಚಿದರೆ ಪ್ರೋಟಾನ್_ಲಾಗ್=1 %ಕಮಾಂಡ್% ಹಾಕಿ ಒಮ್ಮೆ ಬೀಳಿಸಿ. ಸ್ಟೀಮ್-ಆ್ಯಪ್‌ಐಡಿ ಹೆಸರಿನ ಲಾಗ್ ಫೈಲ್ ಫ್ಲ್ಯಾಟ್‌ಪ್ಯಾಕ್ ಸ್ಟೀಮ್‌ನ ಫೋಲ್ಡರ್‌ನಲ್ಲೇ ಬರುತ್ತದೆ. ಫಿಕ್ಸ್‌ಮಿ ಎಂದು ಶುರುವಾಗುವ ಸಾಲುಗಳು ನೂರಾರು ಇರುತ್ತವೆ, ಬಹುಪಾಲು ನಿರುಪದ್ರವಿ, ಹೆದರಬೇಡಿ. ಕೊನೆಯಿಂದ ಮೇಲಕ್ಕೆ ಓದುತ್ತಾ ಇಆರ್‌ಆರ್ ಎಂದು ಶುರುವಾಗುವ ಸಾಲು ಹುಡುಕಿ ಇಲ್ಲಿ ಹಾಕಿ. ನೋಡಿದ ಮೇಲೆ ಆ ಆಯ್ಕೆ ತೆಗೆದುಬಿಡಿ, ಲಾಗ್ ಬರೆಯುವುದರಿಂದಲೇ ಆಟ ನಿಧಾನವಾಗುತ್ತದೆ.

—

ಪಿಕ್ಸೆಲ್_ಅಟ್ಟ:

ಸೇವ್ ಫೈಲುಗಳ ವಿಷಯ. ಪ್ರಿಫಿಕ್ಸ್‌ನೊಳಗೆ ಡ್ರೈವ್_ಸಿ, ಅದರೊಳಗೆ ಯೂಸರ್ಸ್, ಅದರೊಳಗೆ ಸ್ಟೀಮ್‌ಯೂಸರ್. ಪ್ರೋಟಾನ್‌ನಲ್ಲಿ ಎಲ್ಲರ ಬಳಕೆದಾರ ಹೆಸರೂ ಇದೇ. ಅದರಡಿಯಲ್ಲಿ ಡಾಕ್ಯುಮೆಂಟ್ಸ್, ಆ್ಯಪ್‌ಡೇಟಾ, ಸೇವ್ಡ್ ಗೇಮ್ಸ್ ಎಲ್ಲ ವಿಂಡೋಸ್‌ನಂತೆಯೇ ಇರುತ್ತವೆ.

ಮೊದಲು ಮಿಂಟ್‌ನಲ್ಲಿ ಆಟ ಒಮ್ಮೆ ತೆರೆದು ಹೊಸ ಆಟ ಶುರುಮಾಡಿ, ಒಂದು ಸೇವ್ ಮಾಡಿ ಹೊರಬನ್ನಿ. ಆಗ ಸೇವ್ ಎಲ್ಲಿ ಬೀಳುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ, ಊಹಿಸಬೇಕಿಲ್ಲ. ಅಲ್ಲಿಗೆ ವಿಂಡೋಸ್‌ನ ಅದೇ ಫೋಲ್ಡರ್‌ನ ಫೈಲುಗಳನ್ನು ಕಾಪಿ ಮಾಡಿ. ಸೇವ್ ಫೋಲ್ಡರ್ ಹೆಸರು ಉದ್ದದ ಸಂಖ್ಯೆಯಾಗಿದ್ದರೆ ಅದು ಸಾಮಾನ್ಯವಾಗಿ ನಿಮ್ಮ ಸ್ಟೀಮ್ ಐಡಿ, ಎರಡೂ ಕಡೆ ಒಂದೇ ಇರುತ್ತದೆ.

ಸೇವ್ ಪ್ರಿಫಿಕ್ಸ್ ಒಳಗಿರುವುದರಿಂದಲೇ ಇನ್ನೊಂದು ಎಚ್ಚರ ಬೇಕು. ಆಟ ಕೆಟ್ಟರೆ ಕಂಪ್ಯಾಟ್‌ಡೇಟಾ ಅಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಬಹಳ ಸಲ ಅದು ಸರಿಯಾದ ಸಲಹೆಯೇ. ಕ್ಲೌಡ್ ಇಲ್ಲದ ಆಟಕ್ಕೆ ಹಾಗೆ ಮಾಡಿದರೆ ಸೇವ್ ಕೂಡ ಹೋಗುತ್ತದೆ. ನೀವು ಬೇರೆ ಹೆಸರಿಟ್ಟು ಉಳಿಸಿರುವ ಆ ಹಳೆಯ ಕಂಪ್ಯಾಟ್‌ಡೇಟಾ ಫೋಲ್ಡರನ್ನೂ ಒಮ್ಮೆ ತೆರೆದು, ಒಳಗೆ ಸ್ಟೀಮ್‌ಯೂಸರ್ ಫೋಲ್ಡರ್ ಖಾಲಿ ಇದೆಯೇ ಎಂದು ನೋಡಿಕೊಂಡೇ ಅಳಿಸಿ.